ಕಿವಿಯೊಳಗಿನ ಮೇಡಂ

ಮಾರ್ಚ್ 4, ಮಂಗಳವಾರ

ಶಾಲೆಯವರು ಇವತ್ತು ಕರೆಸಿ, ಕುರ್ಚಿ ಹಾಕಿ ಕೂರಿಸಿ, ಕುಡಿಯಲು ನೀರು ಕೊಟ್ಟು, ಬಹಳ ಮರ್ಯಾದೆಯಿಂದ ನನ್ನ ಮರ್ಯಾದೆ ತೆಗೆದರು. ಅರ್ಧ ದಿನದ ರಜೆ ದಂಡ.

ವಿಷಯ ನನಗೆ ಗೊತ್ತಿರದ್ದೇನಲ್ಲ. ಆರು ವರ್ಷದ ನನ್ನ ಮಗಳು ಬಾಯಿಯ ಮೇಲಿಟ್ಟ ಕೈ ತೆಗೆಯುವುದಿಲ್ಲ. ಐದು ತಿಂಗಳಿಂದ ಇದೇ ಕಥೆ. ಎಡಗೈ ಬಾಯಿಗೆ, ಬಲಗೈ ಪೆನ್ಸಿಲ್ಲಿಗೆ. ಮಾತಂತೂ ಇಲ್ಲವೇ ಇಲ್ಲ. ಊಟದ ಹೊತ್ತಿಗೆ ಗೋಡೆಗೆ ಮುಖ ಮಾಡಿ ಕೂರುತ್ತಾಳೆ, ಬೆರಳು ಸ್ವಲ್ಪವೇ ಸರಿಸಿ ಎರಡು ತುತ್ತು ಒಳಗೆ ತಳ್ಳಿ ಮತ್ತೆ ಮುಚ್ಚಿಕೊಳ್ಳುತ್ತಾಳೆ. ಬೇರೆ ಮಗು ಪಕ್ಕಕ್ಕೆ ಬಂದರೆ ಎದ್ದು ಹೋಗುತ್ತಾಳೆ. ಮೂರು ಕೆ.ಜಿ. ಇಳಿದಿದ್ದಾಳಂತೆ. ತೂಕ ನೋಡಿದವರು ಅವರು.

"ಮನೇಲಿ ಏನಾದ್ರೂ ಆಗಿತ್ತಾ?" ಎಂದು ಟೀಚರ್ ಕೇಳಿದರು.

"ಅಕ್ಟೋಬರಲ್ಲಿ ನನ್ನ ಮಗು ಹೋಯ್ತು. ಮೂರು ತಿಂಗಳ ಕೂಸು. ನೆಗಡಿ ಎದೆಗಿಳಿದು ಐದೇ ದಿನಕ್ಕೆ. ಇನ್ನೂ ಏನಾಗ್ಬೇಕಿತ್ತು?" ಎಂದೆ.

ಟೀಚರ್ ತಲೆ ತಗ್ಗಿಸಿದರು. ತಗ್ಗಿಸಿಕೊಂಡೇ ಒಂದು ವಿಳಾಸದ ಚೀಟಿ ಕೊಟ್ಟರು. ಮಕ್ಕಳ ಮನಸ್ಸಿಗೆ ಆಟದಿಂದ ಚಿಕಿತ್ಸೆ ಕೊಡುವವರಂತೆ. ಪ್ರತಿ ಗುರುವಾರ ಕರೆದುಕೊಂಡು ಹೋಗಬೇಕು. ವರ್ಷದ ಕೊನೆಯೊಳಗೆ ಹುಡುಗಿ ಬಾಯಿ ಬಿಡದಿದ್ದರೆ ಬೇರೆ ಶಾಲೆ ನೋಡಿಕೊಳ್ಳಿ ಎಂದರು.

ಆಟ ಆಡಿಸಿ ಗುಣಪಡಿಸುವುದಾದರೆ ಜಗತ್ತಿನಲ್ಲಿ ಡಾಕ್ಟರ್‌ಗಳೇ ಬೇಕಿರಲಿಲ್ಲ. ಸಂಜೆ ನಮ್ಮ ಯಜಮಾನರು ಬಣ್ಣ ಬಳಿಯುವ ಕೆಲಸ ಮುಗಿಸಿ ಬಂದ ಮೇಲೆ ಹೇಳಿದೆ. "ಹೋಗಿ ಬಾ, ನಮ್ಮ ಪಿಟೀಲು ಸರಿಯಾದ್ರೆ ಸಾಕು" ಎಂದರು. ಹುಟ್ಟಿದಾಗ ರಾಗ ಎಳೆದು ಅಳುತ್ತಿದ್ದಳೆಂದು ಇವರೇ ಇಟ್ಟ ಹೆಸರು. ಈಗ ಆ ಪಿಟೀಲಿನಿಂದ ಒಂದು ಕುಂಯ್ ಕೂಡ ಇಲ್ಲ.

ಮಾರ್ಚ್ 6, ಗುರುವಾರ

ಆಟದ ಮೇಡಂ ಇನ್ನೂ ಎಳೆ ವಯಸ್ಸಿನವಳು. ಮಾತು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಕೋಣೆಯ ತುಂಬ ಗೊಂಬೆ, ಮರದ ಇಟ್ಟಿಗೆ, ಪ್ಲಾಸ್ಟಿಕ್ ಅಡುಗೆಮನೆ. ಒಂದು ಗೋಡೆಗೆ ಪೂರ್ತಿ ಕನ್ನಡಿ. ಅದು ಈ ಕಡೆಯಿಂದ ಕನ್ನಡಿ, ಆ ಕಡೆಯಿಂದ ಕಿಟಕಿ. ಅವಳು ಹಿಂದೆ ಕೂತು ನೋಡುತ್ತಾಳೆ.

"ಐದು ನಿಮಿಷ ಮಗಳ ಜೊತೆ ಆಡಿ. ನಿಮಗೆ ತೋಚಿದ ಹಾಗೆ" ಎಂದಳು.

ಆಡಿದೆ. ಆಮೇಲೆ ನಾನಾಡಿದ ಮಾತನ್ನೆಲ್ಲ ಎಣಿಸಿ ಬರೆದ ಹಾಳೆ ಮುಂದಿಟ್ಟಳು. ಅಪ್ಪಣೆ ಇಪ್ಪತ್ತೊಂದು. ಪ್ರಶ್ನೆ ಹದಿನೇಳು. ತಪ್ಪು ತೋರಿಸಿದ್ದು ಹದಿನಾಲ್ಕು. ಮೆಚ್ಚಿ ಆಡಿದ ಮಾತು ಸೊನ್ನೆ.

"ಒಂದೂ ಇಲ್ವಾ?"

"ಇವತ್ತು ಇಲ್ಲ" ಎಂದು ನಕ್ಕಳು. ನಗು ಬೇರೆ.

ಹನ್ನೊಂದು ವರ್ಷದಿಂದ ಪಿಂಗಾಣಿ ಕಾರ್ಖಾನೆಯ ತಪಾಸಣೆ ಮೇಜಿನಲ್ಲಿ ಕೂತಿದ್ದೇನೆ. ದೀಪದ ಎದುರು ಕಪ್ ಹಿಡಿದು, ಸಣ್ಣ ಮರದ ಕಡ್ಡಿಯಿಂದ ಒಮ್ಮೆ ತಟ್ಟಿ ಕಿವಿಗೊಡುತ್ತೇನೆ. ಸರಿಯಿದ್ದರೆ ಗಂಟೆಯಂತೆ ನುಡಿಯುತ್ತದೆ, ಬಿರುಕಿದ್ದರೆ ಮಂಕು. ಮಂಕಾದದ್ದನ್ನು ಅಲ್ಲೇ ಒಡೆದು ಡಬ್ಬಿಗೆ ಹಾಕುತ್ತೇನೆ. ದಿನಕ್ಕೆ ಎರಡು ಸಾವಿರ. ನನ್ನ ಕೈ ದಾಟಿ ಹೋದ ಬಿರುಕಿಲ್ಲ. ಸರಿಯಿದ್ದ ಕಪ್ಪಿಗೆ ನಾನು ಯಾವತ್ತೂ ಶಭಾಷ್ ಎಂದಿಲ್ಲ, ಕಪ್ಪೇನೂ ಬೇಸರ ಮಾಡಿಕೊಂಡಿಲ್ಲ.

ಮಾರ್ಚ್ 13, ಗುರುವಾರ

ಇವತ್ತು ಮೇಡಂ ನನ್ನ ಕಿವಿಗೆ ಗುಂಡಿಯಂಥ ಇಯರ್‌ಫೋನ್ ಒಂದನ್ನು ತುರುಕಿದಳು. ಕನ್ನಡಿಯ ಹಿಂದಿನಿಂದ ಅವಳು ಪಿಸುಗುಡುವುದು, ನಾನು ಗಿಣಿಯಂತೆ ಒಪ್ಪಿಸುವುದು. ನಿಯಮ ಕೇಳಿದರೆ ನಗು ಬರುತ್ತದೆ. ಅಪ್ಪಣೆ ಕೂಡದು, ಪ್ರಶ್ನೆ ಕೂಡದು, ತಪ್ಪು ಹುಡುಕಕೂಡದು. ಮಗು ಮಾಡುವುದನ್ನು ನೋಡಿ ಬಾಯಲ್ಲಿ ಹೇಳುತ್ತ ಹೋಗಬೇಕು.

"ನೀನು ಕೆಂಪು ಇಟ್ಟಿಗೆ ಇಟ್ಟೆ. ಅದರ ಮೇಲೆ ನೀಲಿ ಇಟ್ಟೆ." ರೇಡಿಯೋದಲ್ಲಿ ಪಂದ್ಯದ ವಿವರಣೆ ಕೊಡುವವನ ಕೆಲಸ. ಅವನಿಗಾದರೂ ನೋಡಲು ಪಂದ್ಯವಿರುತ್ತದೆ.

"ಮೆತ್ತಗೆ ಇಟ್ಟಿದ್ದು ಚೆನ್ನಾಗಿತ್ತು ಅನ್ನಿ" ಎಂದಿತು ಕಿವಿ.

"ಮೆತ್ತಗೆ ಇಟ್ಟಿದ್ದು ಚೆನ್ನಾಗಿತ್ತು" ಎಂದೆ.

ಹುಡುಗಿ ಇಟ್ಟಿಗೆ ಬಿಟ್ಟು ನನ್ನ ಕಿವಿಯನ್ನೇ ನೋಡುತ್ತ ಕೂತಳು. ಅವಳೇನು ದಡ್ಡಿಯಲ್ಲ.

ಮನೆಯಲ್ಲೂ ದಿನಕ್ಕೆ ಹತ್ತು ನಿಮಿಷ ಹೀಗೇ ಮಾಡಬೇಕಂತೆ. ಮಾಡುತ್ತೇನೆ. ಮಾಡಲಿಲ್ಲ ಎನ್ನುವ ಮಾತು ನನ್ನ ಮೇಲೆ ಬರಬಾರದು.

ಮಾರ್ಚ್ 16, ಭಾನುವಾರ

ಅಡುಗೆಮನೆಯ ಅಲಾರಂ ಹತ್ತು ನಿಮಿಷಕ್ಕಿಟ್ಟು ಕೂತೆ. ಮಗಳು ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟಳು. ಓರೆಯಾಗಿ ಇಟ್ಟಳು. ಓರೆ ಎನ್ನಲು ಬಾಯಿ ತುರಿಸಿತು. ನುಂಗಿಕೊಂಡೆ. ಡಬ್ಬಿ ಬಿತ್ತು. "ನಾನು ಹೇಳ್ಲಿಲ್ವಾ" ಎಂದೆ. ನಿಜಕ್ಕೂ ನಾನು ಹೇಳಿರಲಿಲ್ಲ. ಅವಳು ಮಂಚದ ಆಚೆ ಹೋಗಿ ಕೂತಳು, ನಾಲ್ಕು ನಿಮಿಷ ಉಳಿದಿತ್ತು. ನಾನು ಅಲಾರಂ ಹೊಡೆಯುವವರೆಗೂ ಅಲ್ಲೇ ಕೂತು ಖಾಲಿ ನೆಲದ ವಿವರಣೆ ಕೊಟ್ಟೆ.

ಮಾರ್ಚ್ 20, ಗುರುವಾರ

ಇವತ್ತು ಮಗಳನ್ನು ಒಳಗೆ ಮೇಡಂ ಜೊತೆ ಬಿಟ್ಟು ನಾನು ಕನ್ನಡಿಯ ಹಿಂದೆ ಕೂತೆ. ಮಗಳು ಕೂಸಿನ ಗೊಂಬೆಯನ್ನು ತೆಗೆದುಕೊಂಡು ಹೋಗಿ ಮೂಲೆಯಲ್ಲಿ ಮಲಗಿಸಿದಳು. ಸುತ್ತಲೂ ಮರದ ಇಟ್ಟಿಗೆಯ ಗೋಡೆ ಕಟ್ಟಿದಳು. ಆಮೇಲೆ ಜಡೆ ಹಾಕಿದ ಇನ್ನೊಂದು ಗೊಂಬೆಯ ಬಾಯಿಗೆ ಒಂದೇ ಕೈಯಲ್ಲಿ ಕರವಸ್ತ್ರ ಸುತ್ತಿ, ಅದನ್ನು ಬೋರಲು ಹಾಕಿ, ಕೋಣೆಯ ಇನ್ನೊಂದು ತುದಿಗೆ ಒದ್ದಳು.

ಮೇಡಂ ಹೊರಗೆ ಬಂದು ಕೇಳಿದಳು: "ತಮ್ಮನ ವಿಷಯದಲ್ಲಿ ಅವಳಿಗೆ ಯಾರಾದ್ರೂ ಏನಾದ್ರೂ ಅಂದಿದ್ರಾ?"

"ಇಲ್ಲ" ಎಂದೆ.

ಇಲ್ಲಿ ಬರೆಯಲು ಯಾರ ಭಯ? ಅಂದವಳು ನಾನೇ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಕೊಡಲು ಇನ್ನೂ ಹೊತ್ತಿತ್ತು. ಇವಳು ಬಂದು ಮಡಿಲಿಗೆ ತಲೆಯಿಡಲು ನೋಡಿದಳು. ತಳ್ಳಿದೆ. "ನೆಗಡಿ ಆಗಿದೆ, ಹತ್ತಿರ ಹೋಗ್ಬೇಡ ಅಂದ್ರೂ ಅವನಿಗೆ ಮುತ್ತು ಕೊಟ್ಟೆ ಅಲ್ವಾ? ನಿನ್ನ ಬಾಯಿಂದಲೇ ಹೋದ" ಎಂದೆ.

ಆಡಿದ ಮಾತು ಇಷ್ಟೇ. ಹೊಡೆಯಲಿಲ್ಲ, ಬಡಿಯಲಿಲ್ಲ. ಅವಳಿಗೆ ನೆಗಡಿ ಇದ್ದದ್ದು ನಿಜ, ಕೊಟ್ಟದ್ದು ನಿಜ. ಒಡೆದದ್ದಕ್ಕೆ ಕಾರಣ ಹುಡುಕುವುದು ನನ್ನ ಕೆಲಸ, ಹುಡುಕಿದೆ.

ಮಾರ್ಚ್ 27, ಗುರುವಾರ

ಹುಡುಗಿ ಬಾಯಿ ಬಿಟ್ಟಳು. ನನ್ನ ಹತ್ತಿರವಲ್ಲ, ಆ ಮೇಡಂ ಹತ್ತಿರ. ಬೆರಳ ಸಂದಿಯಿಂದ, "ನನ್ನ ಬಾಯಲ್ಲಿ ಸಾಯೋ ಕಾಯಿಲೆ ಇದೆ" ಎಂದಳಂತೆ.

ಮೇಡಂ ನನ್ನನ್ನು ಎದುರಿಗೆ ಕೂರಿಸಿಕೊಂಡಳು. "ಈ ಮಾತು ಅವಳ ತಲೆಗೆ ಹಾಕಿದ್ದು ಯಾರು ಅಂತ ನಾನು ಕೇಳಲ್ಲ. ತೆಗೆಯೋ ಕೆಲಸ ಮಾತ್ರ ನಿಮ್ಮದು. ನಾನು ನೂರು ಸಲ ಹೇಳಿದ್ರೂ ಅವಳಿಗೆ ನಾನು ಹೊರಗಿನವಳು. ನೀವು ಹೇಳಿದ್ರೆ ನಂಬ್ತಾಳೆ. ನೀವು ಹೇಳೋ ತನಕ ಆ ಕೈ ಇಳಿಯಲ್ಲ."

ಕೇಳಲ್ಲ ಎನ್ನುತ್ತಲೇ ಕೇಳಿಯಾಗಿತ್ತು. ಮೈಯೆಲ್ಲ ಉರಿದುಹೋಯಿತು. ಬಸ್ ನಿಲ್ದಾಣದಲ್ಲಿ ಮಗಳನ್ನು ಕಂಬಕ್ಕೆ ಒತ್ತಿ ನಿಲ್ಲಿಸಿದೆ. "ಅವಳ ಹತ್ರ ಮಾತಾಡ್ತೀಯಾ? ಹೆತ್ತವಳ ಹತ್ರ ಆಗಲ್ವಾ? ತೆಗಿ ಕೈ!" ಎರಡು ಕೈಯಿಂದ ಆ ಪುಟ್ಟ ಕೈ ಕಿತ್ತೆ. ಒಳಗೆ ತುಟಿ ಬೆಂದಂತೆ ಬೆಳ್ಳಗಾಗಿ, ಎರಡೂ ಮೂಲೆ ಸೀಳಿತ್ತು. ಉಸಿರು ಬಿಗಿ ಹಿಡಿದಳು. ಮುಖ ಕೆಂಪಾಗಿ ಆಮೇಲೆ ನೀಲಿಗಟ್ಟಿತು, ಬಿಡಲೇ ಇಲ್ಲ. ಕೊನೆಗೆ ನಾನೇ ಕೈ ಬಿಟ್ಟೆ. ಹಟ ನೋಡು ಹಟ! ಆ ಹಟಕ್ಕೆ ನಾನು ಸೋತೆನಲ್ಲ ಎಂದು ಇನ್ನೂ ಹೊಟ್ಟೆ ಉರಿಯುತ್ತಿದೆ.

ಮಾರ್ಚ್ 29, ಶನಿವಾರ

ಹಟವಲ್ಲವಂತೆ. ಮೇಡಂಗೆ ಫೋನ್ ಮಾಡಿ ದೂರು ಹೇಳಿದೆ, ಹೀಗೆ ಉಸಿರು ಹಿಡಿಯುತ್ತಾಳೆ, ಇದಕ್ಕೇನು ಮದ್ದು ಎಂದು. ನಡೆದದ್ದನ್ನೆಲ್ಲ ಅವಳು ಮತ್ತೊಮ್ಮೆ ಹೇಳಿಸಿಕೊಂಡಳು. ಆಮೇಲೆ ಹೇಳಿದಳು: "ನಿಮ್ಮ ಮುಖ ಅವಳ ಮುಖದ ಹತ್ರ ಇತ್ತಲ್ವಾ? ಅವಳ ಉಸಿರು ನಿಮ್ಮ ಮೇಲೆ ಬೀಳಬಾರದು ಅಂತ ಹಿಡಿದಿದ್ದಾಳೆ. ನೀವೂ ಸತ್ತುಹೋಗ್ತೀರಿ ಅಂತ."

ಪಾತ್ರೆ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ. ಸಂಜೆ ಹತ್ತು ನಿಮಿಷಕ್ಕೆ ಕೂತಾಗ ಅಲಾರಂ ಇಡುವುದು ಮರೆತುಹೋಗಿ ಅರ್ಧ ಗಂಟೆ ಹಾಳಾಯಿತು.

ಏಪ್ರಿಲ್ 3, ಗುರುವಾರ

ಕಿವಿಯಲ್ಲಿ ಗುಂಡಿ. "ಈಗ ಹೇಳಿ. ತಮ್ಮ ಹೋಗಿದ್ದು ಯಾರ ತಪ್ಪೂ ಅಲ್ಲ ಅನ್ನಿ."

"ತಮ್ಮ ಹೋಗಿದ್ದು ಯಾರ ತಪ್ಪೂ ಅಲ್ಲ" ಎಂದೆ.

ಮಗಳ ಎಡಗೈ ಒಂದು ಬೆರಳಿನಷ್ಟು ಇಳಿಯಿತು. ಆರು ತಿಂಗಳಲ್ಲಿ ಮೊದಲ ಸಲ ನನಗೆಂದು ಒಂದು ಮಾತು ಬಂತು, ಒರಟು ಸ್ವರದಲ್ಲಿ: "ಮತ್ತೆ ಯಾರಿಂದ?"

"ಯಾರಿಂದಲೂ ಅಲ್ಲ ಅನ್ನಿ" ಎಂದಿತು ಕಿವಿ.

"ಯಾರಿಂದಲೂ ಅಲ್ಲ."

ಮಗಳು ನನ್ನ ಕಿವಿ ನೋಡಿದಳು. "ಅದು ಆಂಟಿ ಹೇಳ್ಕೊಟ್ಟಿದ್ದು" ಎಂದು ಮತ್ತೆ ಮುಚ್ಚಿಕೊಂಡಳು.

ಮೇಡಂ ತಾಳ್ಮೆ ತಾಳ್ಮೆ ಎನ್ನುತ್ತಾಳೆ. ಆದರೆ ಮಗಳು ಕೇಳಿದ್ದರಲ್ಲಿ ತಪ್ಪೇನಿದೆ? ಕಪ್ ತಾನಾಗಿ ಬಿರಿಯುವುದಿಲ್ಲ. ಮಣ್ಣು ಕೆಟ್ಟಿರಬೇಕು, ಬೆಂಕಿ ಹೆಚ್ಚಾಗಿರಬೇಕು, ಇಲ್ಲವೇ ಯಾರದೋ ಕೈ ಜಾರಿರಬೇಕು. ಯಾರಿಂದಲೂ ಅಲ್ಲ ಎಂದು ನನಗೆ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ಹೇಗೆ ನಂಬುತ್ತಾಳೆ?

ಮೇಡಂ ಆಸ್ಪತ್ರೆಯ ಕಡತ ತರಲು ಹೇಳಿದ್ದಾಳೆ. ಮಕ್ಕಳ ಡಾಕ್ಟರ್ ಒಬ್ಬರಿಗೆ ತೋರಿಸಿ ಮಾತಾಡುತ್ತಾಳಂತೆ.

ಏಪ್ರಿಲ್ 7, ಸೋಮವಾರ

ಪ್ಯಾಕಿಂಗ್‌ನವರು ನಾನು ಪಾಸು ಮಾಡಿದ ಆರು ಕಪ್ ವಾಪಸ್ ಕಳಿಸಿದರು. ಆರಕ್ಕೂ ಬಿರುಕು. ಸೂಪರ್‌ವೈಸರ್ ಎಲ್ಲರೆದುರು ಮೇಜಿನ ಮೇಲೆ ಸಾಲಾಗಿ ಜೋಡಿಸಿ, "ಏನಮ್ಮಾ, ಕಣ್ಣು ಮನೇಲಿ ಬಿಟ್ಟು ಬಂದ್ಯಾ?" ಎಂದ. ದೀಪ ಮಂಕಾಗಿದೆ, ಬಲ್ಬು ಬದಲಾಯಿಸಿ ಎಂದೆ. ಬದಲಾಯಿಸಿದ ಮೇಲೂ ಮಧ್ಯಾಹ್ನ ಎರಡು ಹೋದವು. ಒಂದು ನಾನು ನೋಡಿಯೇ ಇದ್ದೆ, ಒಡೆಯಲು ಕೈ ಏಳಲಿಲ್ಲ. ಸುಸ್ತು ಇರಬೇಕು.

ಏಪ್ರಿಲ್ 9, ಬುಧವಾರ

ಕಪಾಟಿನಿಂದ ಕಡತ ತೆಗೆದೆ. ಮೊದಲ ಪುಟ, ಡಾಕ್ಟರ್ ಅಕ್ಷರ, ಆದರೂ ಓದಬಹುದು. "ತಾಯಿಗೆ ಹತ್ತು ದಿನಗಳಿಂದ ಕೆಮ್ಮು. ದೊಡ್ಡ ಮಗಳಿಗೆ ಎರಡು ದಿನಗಳಿಂದ ನೆಗಡಿ."

ಕೇಳಿದಾಗ ಹೇಳಿದವಳು ನಾನೇ. ಮರೆತಿದ್ದೆ ಎಂದು ಬರೆಯಲು ಹೋದೆ, ಮರೆತಿರಲಿಲ್ಲ. ಬಾಣಂತಿ ರಜೆ ಇನ್ನೂ ಒಂದು ತಿಂಗಳಿತ್ತು. ಮನೆಯಲ್ಲಿ ಕೂತು ತಲೆ ಚಿಟ್ಟುಹಿಡಿದು ನಾನೇ ಕೆಲಸಕ್ಕೆ ಓಡಿದ್ದೆ. ಪಕ್ಕದ ಮೇಜಿನವಳು ಕೆಮ್ಮುತ್ತಿದ್ದಳು, ಮೂರೇ ದಿನಕ್ಕೆ ನನಗೂ ಹತ್ತಿತು. ಕೆಮ್ಮುತ್ತಲೇ ಮನೆಗೆ ಬರುವುದು, ಕೆಮ್ಮುತ್ತಲೇ ಹಾಲು ಕುಡಿಸುವುದು. ಮುಖ ಪಕ್ಕಕ್ಕೆ ತಿರುಗಿಸುತ್ತಿದ್ದೆ. ಒಂದೊಂದು ಸಲ ತಿರುಗಿಸುತ್ತಿರಲಿಲ್ಲ. ಇವಳ ನೆಗಡಿಯೂ ನನ್ನದೇ ಇರಬೇಕು.

ಹತ್ತು ದಿನ ಮತ್ತು ಎರಡು ದಿನ. ಆ ಮೆಟ್ಟಿಲ ಮೇಲೆ ಕೂತಾಗಲೂ ಎರಡೂ ನನಗೆ ಗೊತ್ತಿದ್ದವು. ಅಷ್ಟರಲ್ಲಿ ಇವಳು ಬಂದಳು, ಚಿಕ್ಕವಳು, ಎದುರಾಡಲು ಬಾರದವಳು. ಎತ್ತಿ ಅವಳ ಮೇಲೆ ಹಾಕಿದೆ.

ಏಪ್ರಿಲ್ 10, ಗುರುವಾರ

ಹೋಗಲಿಲ್ಲ. ಜ್ವರ ಎಂದು ಮೇಡಂಗೆ ಸುಳ್ಳು ಹೇಳಿದೆ.

ಏಪ್ರಿಲ್ 12, ಶನಿವಾರ

ಇವರಿಗೆ ಹೇಳಿಬಿಟ್ಟೆ. ಬ್ರಷ್ಷು ತೊಳೆಯುತ್ತ ನಿಂತಿದ್ದರು.

"ರೀ, ಆಸ್ಪತ್ರೆಯಲ್ಲಿ ನಾನು ಪಿಟೀಲಿಗೆ ಹೀಗಂದಿದ್ದೆ" ಎಂದು ಆಡಿದ ಮಾತನ್ನು ಹಾಗೆಯೇ ಹೇಳಿದೆ, ಕೆಮ್ಮಿನದನ್ನೂ ಹೇಳಿದೆ.

ಕೈಯಾಡಿಸುವುದು ನಿಂತಿತು. "ಆರು ವರ್ಷದ ಮಗೂಗೆ?" ಎಂದರು. ಇನ್ನೇನಾದರೂ ಬೈಯಲಿ ಎಂದು ಕಾದೆ, ಬೈಯಲಿಲ್ಲ. ಊಟದ ಹೊತ್ತಿಗೆ ತಟ್ಟೆ ತೆಗೆದುಕೊಂಡು ಹೋಗಿ ಮಗಳ ಪಕ್ಕ ಗೋಡೆಗೆ ಮುಖ ಮಾಡಿ ಕೂತರು. ಇಬ್ಬರ ಬೆನ್ನೂ ನನ್ನ ಕಡೆ. ನಾನು ಇಬ್ಬರಿಗೂ ಬಡಿಸಿದೆ.

ಏಪ್ರಿಲ್ 17, ಗುರುವಾರ

ಬರೆಯಲು ಬಹಳ ಇದೆ, ಎಲ್ಲ ಬರೆಯುತ್ತೇನೆ.

ಕಡತವನ್ನು ಸೋಮವಾರವೇ ತಲುಪಿಸಿದ್ದೆ. ಇವತ್ತು ಒಳಗೆ ಹೋಗುವ ಮುಂಚೆ ಮೇಡಂ ಹೇಳಿದಳು: "ಡಾಕ್ಟರ್ ಕಡತ ನೋಡಿದ್ರು. ಸೋಂಕು ಯಾರಿಂದ ಬಂತು ಅಂತ ಯಾರೂ ಖಂಡಿತ ಹೇಳಕ್ಕಾಗಲ್ಲ ಅಂದ್ರು. ಅಂಗಡಿಯಿಂದ ಬಂದಿರಬಹುದು, ಗಾಳಿಯಲ್ಲಿ ಬಂದಿರಬಹುದು. ಹಾಗಾಗಿ ಇವತ್ತೂ ಅದೇ ಹೇಳಿ, ಯಾರ ತಪ್ಪೂ ಅಲ್ಲ. ನಿಧಾನಕ್ಕೆ, ಎಷ್ಟು ಸಲ ಬೇಕಾದ್ರೂ."

ಕಿವಿಗೆ ಗುಂಡಿ ಸಿಕ್ಕಿಸಿದಳು. ನಾನು ನೆಲದ ಮೇಲೆ ಕೂತೆ. ಮಗಳು ಒಂದೇ ಕೈಯಲ್ಲಿ ಇಟ್ಟಿಗೆ ಜೋಡಿಸುತ್ತಿದ್ದಳು. "ಎಲ್ಲ ಓರೆಯಾಗಿ ಬರ್ತಿದೆ, ಆದ್ರೂ ಬೀಳ್ತಿಲ್ಲ" ಎಂದೆ. ಅದು ಮೇಡಂ ಹೇಳಿಕೊಟ್ಟದ್ದಲ್ಲ, ಬಾಯಿಗೆ ಬಂತು.

"ಈಗ ಹೇಳಿ" ಎಂದಿತು ಕಿವಿ.

ಗುಂಡಿ ಕಿತ್ತು ಪ್ಲಾಸ್ಟಿಕ್ ಬಾಣಲೆಯೊಳಗೆ ಹಾಕಿದೆ. ಅದು ಅಲ್ಲೇ ಸೊಳ್ಳೆಯಂತೆ ಗುಂಯ್‌ಗುಟ್ಟಿತು. ಮಗಳು ಬಾಣಲೆ ನೋಡಿದಳು, ನನ್ನ ಬರೀ ಕಿವಿ ನೋಡಿದಳು.

"ಆವತ್ತು ನಾನು ಹೇಳಿದ್ದು ಸುಳ್ಳು" ಎಂದೆ. "ನಿನ್ನ ಬಾಯಲ್ಲಿ ಏನೂ ಇಲ್ಲ. ನಂಗೆ ಹತ್ತು ದಿನದಿಂದ ಕೆಮ್ಮಿತ್ತು. ನಿಂಗೆ ಎರಡೇ ದಿನದ ನೆಗಡಿ. ಅವನಿಗೆ ಬಂದಿದ್ದು ನನ್ನ ಕೆಮ್ಮಿಂದ. ಗೊತ್ತಿದ್ದೂ ನಿನ್ನ ಮೇಲೆ ಹಾಕ್ದೆ."

ಮಗಳು ಹಿಡಿದಿದ್ದ ಇಟ್ಟಿಗೆ ಕೆಳಗಿಟ್ಟಳು. ಕೈಯ ಹಿಂದಿನಿಂದ ಕೇಳಿದಳು: "ನೀನೂ ಅವನಿಗೆ ಮುತ್ತು ಕೊಟ್ಟಿದ್ಯಾ?"

"ಕೊಟ್ಟಿದ್ದೆ."

"ಎಷ್ಟು?"

"ತುಂಬಾ. ದಿನಾ ಕೊಡ್ತಿದ್ದೆ."

"ನಾನು ಒಂದೇ ಕೊಟ್ಟಿದ್ದು" ಎಂದಳು.

"ಹೌದು ಮಗಳೇ. ಒಂದೇ."

ನಾನು ಅತ್ತೆ. ಅವಳು ಅಳಲಿಲ್ಲ. ದೊಡ್ಡ ಇಟ್ಟಿಗೆಯೊಂದು ಉಳಿದಿತ್ತು, ಅದನ್ನೆತ್ತಲು ಎರಡು ಕೈ ಬೇಕಿತ್ತು. ಎರಡೂ ಕೈಯಿಂದ ಎತ್ತಿ ಮೇಲಿಟ್ಟಳು. ಆಮೇಲೆ ಎಡಗೈ ಮಡಿಲಲ್ಲೇ ಉಳಿಯಿತು. ಹನ್ನೊಂದು ನಿಮಿಷ ಎಂದು ಆಮೇಲೆ ಮೇಡಂ ಹೇಳಿದಳು. ನಾನು ನೋಡಿದ್ದು ಆ ಸೀಳು ತುಟಿಗಳನ್ನು ಮಾತ್ರ.

ಮೇಡಂ ಕಣ್ಣೂ ಕೆಂಪಗಾಗಿತ್ತು, ಆದರೆ ಬಿಡಲಿಲ್ಲ. "ನೀವು ಹಾಗೆ ಹೇಳ್ಬಾರ್ದಿತ್ತು. ಅದೂ ನಿಜ ಅಂತ ಯಾರಿಗೂ ಗೊತ್ತಿಲ್ಲ. ಒಂದು ಭಾರ ತೆಗೆದು ಅವಳಿಗೆ ಇನ್ನೊಂದು ಕೊಟ್ರಿ. ನಿಮ್ಮ ಮೇಲೆ ಅವಳಿಗೆ ಕೋಪ ಬರುತ್ತೆ."

"ಬರ್ಲಿ" ಎಂದೆ.

"ಬಂದಾಗ ತಡ್ಕೊಳ್ಳೋದು ಕಷ್ಟ. ಮುಂದಿನ ವಾರದಿಂದ ಅವಳದ್ದರ ಜೊತೆ ನಿಮಗೂ ಬೇರೆ ಒಂದು ಗಂಟೆ ಇಡ್ತೀನಿ. ಬರ್ಲೇಬೇಕು" ಎಂದಳು. ಸರಿ ಎಂದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಳು. ಕೈ ಹಿಡಿಯಲು ಹೋದೆ, ಎಳೆದುಕೊಂಡಳು. ಎದುರು ಸೀಟಿನಲ್ಲಿ ಮಡಿಲಲ್ಲಿ ಚೀಲವಿಟ್ಟುಕೊಂಡ ಹೆಂಗಸು ಸುಮ್ಮನೆ ನಕ್ಕು, "ಯಾವ ಕ್ಲಾಸು ಪುಟ್ಟಾ?" ಎಂದರು.

ಮಗಳು ಆ ಹೆಂಗಸಿನ ಮುಖ ನೋಡಿದಳು. ಆಮೇಲೆ ಬಸ್ಸಿಗೆಲ್ಲ ಕೇಳುವಂತೆ, ಆರು ತಿಂಗಳು ತಡೆದಿಟ್ಟ ಪೂರ್ತಿ ಗಂಟಲಿನಲ್ಲಿ ಹೇಳಿದಳು: "ನನ್ನ ತಮ್ಮ ಸತ್ತೋದ. ನನ್ನಿಂದ ಅಲ್ಲ. ನಮ್ಮಮ್ಮನ ಕೆಮ್ಮಿಂದ."

"ಛೆ ಛೆ, ಅಮ್ಮನ್ನ ಹಾಗೆಲ್ಲ ಅನ್ಬಾರ್ದು ಕಂದಾ" ಎಂದರು ಆ ಹೆಂಗಸು.

ಮಗಳು ನನ್ನ ಕಡೆ ತಿರುಗಿದಳು. ಎಡಗೈ ಎದ್ದು ಗಲ್ಲದವರೆಗೆ ಬಂದು ಅಲ್ಲೇ ನಿಂತಿತ್ತು. "ಹೌದಲ್ವಾ ಅಮ್ಮ?"

"ಹೌದು" ಎಂದೆ.

ಕೈ ಕೆಳಗಿಳಿಯಿತು. ಆ ಹೆಂಗಸು ಚೀಲ ತೆಗೆದುಕೊಂಡು ಬೇರೆ ಸೀಟಿಗೆ ಹೋದರು. ಆ ಜಾಗಕ್ಕೆ ಬಂದ ಮುದುಕರಿಗೂ ಮಗಳು ಹೇಳಿದಳು, ಇಳಿಯುವಾಗ ಕಂಡಕ್ಟರ್‌ಗೂ ಹೇಳಿದಳು. ಇಬ್ಬರೂ ನನ್ನ ಮುಖ ನೋಡಿದರು. ಇಬ್ಬರಿಗೂ ಹೌದು ಎಂದೆ.